ಗಂಡನ ಹೆಸರಿಗೆ ಓಗೊಟ್ಟವರು

ಪ್ಲಾಸಿದಾ ಹೊಲಕ್ಕೆ ಬಂದಾಗ ಅವಳ ಮೈದುನ ನಿಕಾನೋರ್ ಹಗ್ಗ ಹಿಡಿದು ಅದೇ ಹೊಲವನ್ನು ಅಳೆಯುತ್ತಿದ್ದ. ಕದ್ದುಮುಚ್ಚಿ ಅಲ್ಲ, ಹಾಡಹಗಲೇ, ಶನಿವಾರದ ಹನ್ನೆರಡು ಗಂಟೆಯ ಬಿಸಿಲಿನಲ್ಲಿ, ಹ್ಯಾಟು ಹಿಂದಕ್ಕೆ ಸರಿಸಿಕೊಂಡು, ಸಿಳ್ಳೆ ಹಾಕುತ್ತ. ಒಣಗಿ ನಿಂತ ಮೆಕ್ಕೆಜೋಳದ ದಂಟುಗಳು ಅವನ ಬೂಟಿನಡಿ ಲಟಲಟ ಮುರಿಯುತ್ತಿದ್ದವು.

"ಏನ್ ನಡೀತಿದೆ ನಿಕಾನೋರ್?"

"ಗಾಬರಿ ಬೇಡ ಅತ್ತಿಗೆ. ಈ ಸಲದ ಬೆಳೆ ನಿಮ್ಮದೇ, ಕೊಯ್ಕೊಳ್ಳಿ. ಮುಂದಿನ ಬಿತ್ತನೆಗೆ ಬೀಜ ಎಷ್ಟು ಬೇಕಾಗುತ್ತೆ ಅಂತ ನೋಡ್ತಿದ್ದೆ ಅಷ್ಟೆ."

"ಯಾರ ಬಿತ್ತನೆ?"

"ನಾಳೆ ಸಭೇಲಿ ಅಣ್ಣನ ಹೆಸರು ತೆಗೀತಾರಲ್ಲ. ನಿಮಗೆ ಗಂಡುಮಕ್ಕಳಿಲ್ಲ. ಮಗಳು ಪಟ್ಟಣದಲ್ಲಿ ನರ್ಸ್ ಓದ್ತಿದಾಳೆ, ಇವತ್ತಲ್ಲ ನಾಳೆ ಯಾರನ್ನೋ ಕಟ್ಕೊಂಡು ಹೋಗ್ತಾಳೆ. ಹೊಲ, ಮನೆ, ನೀರಿನ ನಲ್ಲಿ ಎಲ್ಲ ತಮ್ಮನಿಗೆ ಬರೋದು ರೂಢಿ. ರೂಢಿ ನಾನು ಮಾಡಿದ್ದಲ್ಲವಲ್ಲ."

"ನಾನೆಲ್ಲಿ ಇರ್ಲಿ?"

"ಅಡುಗೆಕೋಣೆ ನಿಮಗೇ ಇರ್ಲಿ. ನಾನೇನು ಕಟುಕನಾ?" ಎಂದು ಹಗ್ಗ ಸುತ್ತಿಕೊಂಡು ಹೊರಟೇಬಿಟ್ಟ.

ಅವನು ಹೇಳಿದ್ದು ಸುಳ್ಳಾಗಿದ್ದರೆ ಪ್ಲಾಸಿದಾ ಅವನ ಜುಟ್ಟು ಹಿಡಿದು ಕೇಳುತ್ತಿದ್ದಳು. ಸುಳ್ಳಲ್ಲವಲ್ಲ, ಅದೇ ಸಂಕಟ. ವಹಾಕಾ ಬೆಟ್ಟಗಳ ಮೇಲಿನ ಸಾನ್ ಬ್ರೌಲಿಯೊದಲ್ಲಿ ಭೂಮಿ ಯಾರೊಬ್ಬರ ಸ್ವತ್ತೂ ಅಲ್ಲ, ಊರಿನದು. ಊರ ಪುಸ್ತಕದಲ್ಲಿ ಹೆಸರಿದ್ದವನಿಗೆ ಹೊಲ, ಹೆಸರಿಲ್ಲದವನಿಗೆ ಬೀದಿ. ಹೆಸರು ಉಳಿಯಬೇಕಾದರೆ ಸಂಬಳವಿಲ್ಲದೆ ಊರ ಕೆಲಸ ಮಾಡಬೇಕು: ರಸ್ತೆಗೆ ಕಲ್ಲು ಹೊರಬೇಕು, ಕಾಡಿಗೆ ಬೆಂಕಿ ಬಿದ್ದರೆ ಓಡಬೇಕು, ಸರದಿ ಬಂದಾಗ ವರ್ಷಪೂರ್ತಿ ತಳವಾರನಾಗಿ ಕೋಲು ಹಿಡಿದು ಕುಡುಕರನ್ನು ಮನೆ ಸೇರಿಸಬೇಕು. ಪುಸ್ತಕದಲ್ಲಿ ಐವತ್ತೆಂಟು ಹೆಸರು, ಐವತ್ತೆಂಟೂ ಗಂಡಸರದ್ದು. ಅವರಲ್ಲಿ ಇಪ್ಪತ್ತೇಳು ಮಂದಿ ಗಡಿ ದಾಟಿ ಉತ್ತರದ ಪರದೇಶಕ್ಕೆ ಹೋಗಿ ಯಾರದೋ ತೋಟ, ಯಾರದೋ ಹೋಟೆಲಿನಲ್ಲಿ ದುಡಿಯುತ್ತಿದ್ದಾರೆ. ಹಾಗಾದರೆ ಅವರ ಪಾಲಿನ ಕಲ್ಲು ಹೊರುವವರು ಯಾರು? ದೇವದೂತರು ಬಂದು ಹೊರುವುದಿಲ್ಲ. ಹೆಂಡತಿಯರು ಹೊರುತ್ತಾರೆ, ತಾಯಂದಿರು ಹೊರುತ್ತಾರೆ. ಚಾವಡಿಯಲ್ಲಿ ಗುಮಾಸ್ತ ಗಂಡನ ಹೆಸರು ಕೂಗಿದರೆ ಬಾಗಿಲಾಚೆ ನಿಂತ ಹೆಂಡತಿ "ಇದ್ದಾರೆ" ಎಂದು ಓಗೊಡಬೇಕು. ಹಾರೆ ಅವಳ ಕೈಗೆ, ಹಾಜರಿ ಅವನ ಹೆಸರಿಗೆ. ಹೊಸ್ತಿಲು ದಾಟುವಂತಿಲ್ಲ, ಕೈಯೆತ್ತುವಂತಿಲ್ಲ. ವರ್ಷದ ದೊಡ್ಡ ಸಭೆಯಲ್ಲಿ ಮೂರು ಸಲ ಕೂಗಿದರೂ ಉತ್ತರ ಬರಲಿಲ್ಲವೋ, ಆ ಹೆಸರಿನ ಮೇಲೆ ಗೀಟು, ಹೊಲ ಊರಿಗೆ ವಾಪಸ್ಸು.

ಪ್ಲಾಸಿದಾ ಹನ್ನೊಂದು ವರ್ಷ "ಇದ್ದಾರೆ" ಎಂದಿದ್ದಳು. ಶಾಲೆಯ ಮಾಡಿಗೆ ತೊಲೆ ಹೊತ್ತವಳು ಅವಳು, ನೀರಿನ ಕೊಳವೆಗೆ ಕಾಲುವೆ ತೋಡಿದವಳು ಅವಳು, ಇಡೀ ವರ್ಷ ತಳವಾರಿಕೆ ಮಾಡಿದವಳೂ ಅವಳೇ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಊರಿನಲ್ಲಿ ಕೆಸರು ಒಬ್ಬಳ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಹಾಗೆಂದು ಅವಳ ಗಂಡ ಫಿದೆನ್ಸಿಯೊ ಕೆಟ್ಟವನಲ್ಲ. ಪ್ರತಿ ಭಾನುವಾರ ಫೋನು ಮಾಡುತ್ತಿದ್ದ, "ಬೆನ್ನು ನೋವು ಹೇಗಿದೆ" ಎಂದು ಮರೆಯದೆ ಕೇಳುತ್ತಿದ್ದ. ನಲವತ್ತು ದಿನದ ಕೆಳಗೆ ಯಾವುದೋ ಸೇಬಿನ ತೋಟದಲ್ಲಿ ಏಣಿಯಿಂದ ಬಿದ್ದು ಸತ್ತ. ಅಲ್ಲೇ ಮಣ್ಣು ಮಾಡಿದರು. ಸುದ್ದಿ ಬಂದ ಮರುದಿನ ರಸ್ತೆ ಕೆಲಸವಿತ್ತು. ಗುಮಾಸ್ತ ಅಭ್ಯಾಸಬಲದಿಂದ "ಫಿದೆನ್ಸಿಯೊ" ಎಂದು ಕೂಗಿದ, ಇವಳು ಅಭ್ಯಾಸಬಲದಿಂದ "ಇದ್ದಾರೆ" ಎಂದಳು. ಆಮೇಲೆ ಅಳಲು ಕೂತರೂ ಕಣ್ಣೀರು ಬರಲಿಲ್ಲ.

ಹೊಲದಿಂದ ಅವಳು ನೆಟ್ಟಗೆ ಊರ ಅಧ್ಯಕ್ಷ ಅಬುಂದಿಯೊನ ಮನೆಗೆ ಹೋದಳು. ಮುದುಕ ಅಂಗಳದಲ್ಲಿ ಕೂತು ಮೆಣಸಿನಕಾಯಿ ಸಾರಿನಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದ. ಬಡಿಸುತ್ತಿದ್ದವಳು ಅವನ ಸೊಸೆ ಇಲಾರಿಯಾ. ಅವಳ ಗಂಡ ರುತಿಲಿಯೊ ಉತ್ತರಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು, ಹೋದ ವರ್ಷ ಒಮ್ಮೆ ಬಂದು ಒಂದು ತಿಂಗಳಿದ್ದು ಹೋಗಿದ್ದ.

"ಯಜಮಾನ್ರೇ, ಹನ್ನೊಂದು ವರ್ಷ ಊರ ಕೆಲಸ ನಾನು ಮಾಡಿದೀನಿ. ಹೊಲ ನನ್ನ ಹೆಸರಿಗೆ ಬರೀರಿ."

ಅಬುಂದಿಯೊ ತುತ್ತು ನುಂಗಿ ನಿಧಾನವಾಗಿ ಹೇಳಿದ. "ನೀನು ಮಾಡಿದೀಯ, ಇಲ್ಲ ಅನ್ನಲ್ಲ. ಆದ್ರೆ ಅವನ ಪರವಾಗಿ ಮಾಡಿದೀಯ. ನಾನು ಪಾದ್ರಿಯ ಅಂಗಿ ಒಗೆದುಕೊಟ್ರೆ ಅಂಗಿ ನನ್ನದಾಗುತ್ತಾ?"

"ಅಂಗಿ ಹೊಲಿದಿದ್ದೂ ನಾನೇ ಆದ್ರೆ?"

"ನಾಲಿಗೆ ಉದ್ದ ಮಾಡ್ಬೇಡ ತಾಯಿ. ಪುಸ್ತಕದಲ್ಲಿ ಫಿದೆನ್ಸಿಯೊ ಅಂತ ಇದೆ. ಸತ್ತವನದ್ದು ತಮ್ಮನಿಗೆ. ಗಂಡಸಿನ ಹೆಸರಿಲ್ಲದೆ ಹೆಂಗಸಿಗೆ ಹೊಲ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ."

ಎಲ್ಲರೂ ಕೇಳುತ್ತಾರೆ. ಮುದುಕ ಅಷ್ಟು ಹೇಳಿ ಕೈ ತೊಳೆಯಲು ಎದ್ದ. ಪ್ಲಾಸಿದಾಳಿಗೆ ಮಾತ್ರ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಕೇಳಿದರೆ ಏನಾಗುತ್ತದೆ ಎಂಬುದಕ್ಕಿಂತ, ಎಲ್ಲರೂ ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು.

ಭಾನುವಾರ ಬೆಳಕು ಹರಿಯುವಾಗ ಹಿಟ್ಟಿನ ಗಿರಣಿಯ ಮುಂದೆ ಹೆಂಗಸರ ಸಾಲು ಎಂದಿನಂತೆ ನಿಂತಿತ್ತು, ತಲೆಯ ಮೇಲೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಬಕೆಟ್ಟು ಹೊತ್ತು. ಗಿರಣಿಯ ಸದ್ದಿನಲ್ಲಿ ಗಂಡಸರಿಗೆ ಏನೂ ಕೇಳಿಸದು, ಅದಕ್ಕೇ ಊರಿನ ನಿಜವಾದ ಮಾತುಕತೆಯೆಲ್ಲ ಅಲ್ಲೇ ನಡೆಯುವುದು.

"ಇವತ್ತು ಹೆಸರು ಕೂಗಿದಾಗ ಯಾರೂ ಓಗೊಡಬೇಡಿ," ಎಂದಳು ಪ್ಲಾಸಿದಾ.

ಎಲ್ಲರೂ ಒಟ್ಟಿಗೆ ಬಾಯಿಬಿಟ್ಟರು. ಹುಚ್ಚು ಹಿಡಿದಿದೆಯಾ ನಿನಗೆ, ಹೆಸರಿಗೆ ಗೀಟು ಬಿದ್ರೆ ನಮ್ಮ ಗತಿಯೇನು, ಅವರು ಫೋನು ಮಾಡಿದಾಗ ಏನು ಹೇಳೋದು, ನಿನ್ನ ಹೊಲ ಉಳಿಸೋಕೆ ನಮ್ಮ ಹೊಲಕ್ಕೆ ಬೆಂಕಿ ಹಾಕ್ಬೇಕಾ.

"ಹೌದು, ಹಾಗೇ ಕೇಳ್ತಿದೀನಿ," ಎಂದಳು ಅವಳು. ಸುಳ್ಳು ಸಮಾಧಾನ ಹೇಳುವ ಜಾಯಮಾನ ಅವಳದಲ್ಲ. "ನಾವು ಮಾಡಿದ ಕೆಲಸ ಕೆಲಸ ಅಲ್ಲ ಅಂತಾದ್ರೆ ಇಪ್ಪತ್ತೇಳು ಜನರ ಕೆಲಸ ಆಗೇ ಇಲ್ಲ. ಹಾಗಿದ್ರೆ ಇಪ್ಪತ್ತೇಳೂ ಹೆಸರು ಹೋಗ್ಲಿ. ಚಾವಡಿ ಒಳಗೆ ಕೂರೋ ಮುದುಕರ ಮಕ್ಕಳ ಹೆಸರೂ ಹೋಗ್ಲಿ. ಅವರಿಗೆ ಅದನ್ನ ಮಾಡೋ ಧೈರ್ಯ ಇದೆಯಾ ನೋಡೋಣ."

"ಇದ್ರೆ?" ಎಂದಳು ಇಲಾರಿಯಾ.

ಪ್ಲಾಸಿದಾ ತನ್ನ ಬಕೆಟ್ಟನ್ನು ನೆಲಕ್ಕಿಳಿಸಿದಳು.

"ನಿನಗೇನಕ್ಕ, ನಿನ್ನ ಗಂಡ ಸತ್ತಾಯ್ತು. ನನ್ನ ಗಂಡ ಬದುಕಿದಾನೆ, ನನ್ನ ಮಾವನೇ ಅಧ್ಯಕ್ಷ. ಗಂಡನ ಹೆಸರು ಹೋದ ದಿನವೇ ನನ್ನ ಬಟ್ಟೆಗಂಟು ಬೀದೀಲಿರುತ್ತೆ. ನನ್ನನ್ನ ಎಳೀಬೇಡ," ಎಂದು ಇಲಾರಿಯಾ ಬಕೆಟ್ಟು ಎತ್ತಿಕೊಂಡು ಹೊರಟುಹೋದಳು.

ತೋಮಾಸಾ ಎಂಬ ಮುದುಕಿ ಮಾತ್ರ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅವಳ ಮಗ ಹೋಗಿ ಹದಿನಾರು ವರ್ಷ. "ನನಗೀಗ ಎಪ್ಪತ್ತೊಂದು. ಮಗನ ಹೆಸರಲ್ಲಿ ಈ ಮಳೆಗಾಲ ಚರಂಡಿ ತೋಡಿದೀನಿ. ಇನ್ನೇನು, ಗುಂಡಿ ತೋಡೋಕೂ ನನ್ನನ್ನೇ ಕರೀತಾರೆ, ಅದೂ ನನ್ನ ಗುಂಡಿಯೇ. ನಾನು ಬಾಯಿ ಬಿಡಲ್ಲ ಹೋಗೇ."

ಬೇರೆ ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹಿಟ್ಟು ಹೊತ್ತುಕೊಂಡು ಚದುರಿದರು.

ಚರ್ಚಿನಲ್ಲಿ ಪೂಜೆ ಮುಗಿದು ಗಂಟೆ ಬಾರಿಸಿತು. ಗಂಡಸರು ಚಾವಡಿಯೊಳಗೆ ಬೆಂಚುಗಳ ಮೇಲೆ ಕೂತರು, ಹ್ಯಾಟುಗಳು ತೊಡೆಯ ಮೇಲೆ. ಬಾಗಿಲಾಚೆ ಜಗಲಿಯಲ್ಲಿ ಹೆಂಗಸರು ಶಾಲು ಹೊದ್ದು ನಿಂತರು. ಮೇಜಿನ ಹಿಂದೆ ಅಬುಂದಿಯೊ, ಕೈಯಲ್ಲಿ ಬೆಳ್ಳಿಕಟ್ಟಿನ ಅಧಿಕಾರದ ಕೋಲು. ಪಕ್ಕದಲ್ಲಿ ಗುಮಾಸ್ತ ಎಲಿಗಿಯೊ, ಮುಂದೆ ಪುಸ್ತಕ. ಎಲಿಗಿಯೊ ಪ್ಲಾಸಿದಾಳ ಚಿಕ್ಕಮ್ಮನ ಮಗ. ಹನ್ನೊಂದು ವರ್ಷ ಅವಳ ಕೆಲಸಕ್ಕೆ ಫಿದೆನ್ಸಿಯೊ ಎಂದು ಬರೆದ ಕೈ ಅವನದೇ.

"ಮೊದಲು ಫಿದೆನ್ಸಿಯೊನ ವಿಷಯ," ಎಂದ ಅಬುಂದಿಯೊ. "ತೀರಿಕೊಂಡ, ದೇವರು ಒಳ್ಳೇದು ಮಾಡ್ಲಿ. ಹನ್ನೊಂದು ವರ್ಷ ಊರಿಗೆ ಚೆನ್ನಾಗಿ ದುಡಿದ. ಅವನ ಹಕ್ಕು ತಮ್ಮ ನಿಕಾನೋರ್‌ಗೆ ಹೋಗಬೇಕು ಅಂತ ಇದೆ. ಹಾಜರಿ ಮುಗಿದ ಮೇಲೆ ಕೈ ಎತ್ತಿಸೋಣ."

"ಎಲಿಗಿಯೊ," ಎಂದಳು ಪ್ಲಾಸಿದಾ ಬಾಗಿಲಿನಿಂದ. "ಶಾಲೆಯ ಮಾಡಿಗೆ ತೊಲೆ ಹೊತ್ತಾಗ ಹಿಂದಿನ ತುದಿ ನಿನ್ನ ಹೆಗಲ ಮೇಲಿತ್ತು. ಮುಂದಿನ ತುದಿ ಯಾರ ಹೆಗಲ ಮೇಲಿತ್ತು?"

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ.

ಒಳಗೆ ಯಾರೋ ನಕ್ಕರು. "ದೆವ್ವದ ಹೆಗಲ ಮೇಲೆ," ಎಂದ ನಿಕಾನೋರ್, ಇನ್ನಷ್ಟು ಮಂದಿ ನಕ್ಕರು. ಅಬುಂದಿಯೊ ಕೋಲು ಕುಟ್ಟಿದ. "ಜಗಲಿಯಿಂದ ಮಾತು ಬೇಡ. ಹಾಜರಿ ಕೂಗು ಎಲಿಗಿಯೊ."

ಎಲಿಗಿಯೊ ಕೂಗತೊಡಗಿದ. ಒಳಗಿನವರು ಒಬ್ಬೊಬ್ಬರೇ "ಇದ್ದೀನಿ" ಎಂದರು. ಆರನೆಯ ಹೆಸರು ತೋಮಾಸಾಳ ಮಗನದ್ದು.

ಉತ್ತರವಿಲ್ಲ.

"ತೋಮಾಸಾ ದೊಡ್ಡಮ್ಮ ಬಂದಿಲ್ವಾ?" ಎಂದು ಎಲಿಗಿಯೊ ಕತ್ತು ಉದ್ದ ಮಾಡಿ ನೋಡಿದ. ಮುದುಕಿ ಬಾಗಿಲಿನ ಎದುರಿಗೇ ನಿಂತು ಅವನನ್ನೇ ನೋಡುತ್ತಿದ್ದಳು. ಎರಡನೆಯ ಸಲ ಕೂಗಿದ, ಮೂರನೆಯ ಸಲ ಕೂಗಿದ. ಮುದುಕಿ ತುಟಿ ಒತ್ತಿ ಹಿಡಿದಳು. ಒಳಗಿನ ನಗು ನಿಂತಿತು.

"ಕಿವಿ ಮಂದ ಇರ್ಬೇಕು. ಮುಂದೆ ಹೋಗು," ಎಂದ ಅಬುಂದಿಯೊ.

ಮುಂದಿನ ಹೆಸರಿಗೂ ಉತ್ತರವಿಲ್ಲ. ಅದರ ಮುಂದಿನದಕ್ಕೆ ಹೆಂಗಸೊಬ್ಬಳು ಅಳುವ ದನಿಯಲ್ಲಿ "ಇದ್ದಾರೆ" ಎಂದುಬಿಟ್ಟಳು, ಹೇಳಿ ಶಾಲಿನಿಂದ ಮುಖ ಮುಚ್ಚಿಕೊಂಡಳು. ಆಯಿತು, ಇಲ್ಲಿಗೆ ಮುಗಿಯಿತು, ಒಬ್ಬಳು ಹೇಳಿದರೆ ಉಳಿದವರೂ ಹೇಳುತ್ತಾರೆ, ತೋಮಾಸಾ ಮುದುಕಿಯನ್ನು ನಾನೇ ಬೀದಿಗೆ ತಂದೆ ಎಂದುಕೊಂಡಳು ಪ್ಲಾಸಿದಾ. ಆದರೆ ಆಮೇಲಿನ ಹೆಸರಿಗೆ ಮೌನ. ಅದರ ಮುಂದಿನದಕ್ಕೂ ಮೌನ. ಎಲಿಗಿಯೊ ಪ್ರತಿ ಹೆಸರನ್ನೂ ಮೂರು ಸಲ ಕೂಗುತ್ತಿದ್ದ, ಒಂದರ ಮೇಲೂ ಗೀಟು ಎಳೆಯದೆ ಪೆನ್ನು ಹಿಡಿದುಕೊಂಡೇ ಇದ್ದ.

"ಗೀಟು ಎಳಿ," ಎಂದ ನಿಕಾನೋರ್ ಎದ್ದು ನಿಂತು. "ಇವರ ಆಟ ನಾವೇನು ನೋಡ್ಕೊಂಡು ಕೂರೋದು? ರೂಢಿ ರೂಢಿಯೇ."

"ನಿನಗೇನಪ್ಪ," ಎಂದ ಹಿಂದಿನ ಬೆಂಚಿನ ಒಬ್ಬ ಮುದುಕ. "ಗೀಟು ಬೀಳೋದು ನನ್ನ ಮಗನ ಹೆಸರಿಗೆ."

ಎಲಿಗಿಯೊ ಹಾಳೆ ತಿರುವಿದ. ತಿರುವಿದವನು ಅಧ್ಯಕ್ಷನ ಮುಖ ನೋಡಿದ.

"ಕೂಗು," ಎಂದ ಅಬುಂದಿಯೊ.

"ರುತಿಲಿಯೊ."

ಎಲ್ಲರ ಕತ್ತೂ ಬಾಗಿಲಿನ ಕಡೆ ತಿರುಗಿತು. ಇಲಾರಿಯಾ ಕಂಬಕ್ಕೆ ಒರಗಿ ನಿಂತಿದ್ದಳು. ಪ್ಲಾಸಿದಾ ಅವಳ ಕಡೆ ನೋಡಲೇ ಇಲ್ಲ; ನೋಡಿದರೆ ಬೇಡಿದಂತಾಗುತ್ತದೆ, ಆ ಹುಡುಗಿಯನ್ನು ಬೇಡುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ರುತಿಲಿಯೊ," ಎಂದ ಎಲಿಗಿಯೊ ಮತ್ತೆ.

ಮೂರನೆಯ ಸಲ ಕೂಗುವ ಮೊದಲು ಅಬುಂದಿಯೊ ಅವನ ತೋಳು ಹಿಡಿದ. "ಇಲಾರಿಯಾ, ಬಾಯಿ ಬಿಡು."

"ಏನ್ ಹೇಳ್ಲಿ ಮಾವ?"

"ದಿನಾ ಹೇಳೋದೇ ಹೇಳು."

"ರುತಿಲಿಯೊ ಇಲ್ಲಿ ಇದಾರಾ? ನೀವು ಅವರಪ್ಪ. ನೀವೇ ಹೇಳಿ."

"ಮನೆಗೆ ಹೋದ ಮೇಲೆ ಮಾತಾಡೋಣ. ಈಗ ಹಾಜರಿ ಕೊಡು."

ಇಲಾರಿಯಾ ಕಂಬ ಬಿಟ್ಟು ಹೊಸ್ತಿಲ ತನಕ ಬಂದಳು. "ಎಲಿಗಿಯೊ ಅಣ್ಣ, ಈ ಬೇಸಗೇಲಿ ಬೆಟ್ಟಕ್ಕೆ ಬೆಂಕಿ ಬಿತ್ತಲ್ಲ, ಆ ದಿನದ್ದು ಓದಿ."

ಎಲಿಗಿಯೊ ಹಿಂದಿನ ಹಾಳೆಗಳನ್ನು ತಿರುವಿ ಹುಡುಕಿ ಓದಿದ. "ರುತಿಲಿಯೊ, ಎರಡು ದಿನ, ಬೆಂಕಿ ಆರಿಸಿದ."

"ನನಗಾಗ ಏಳು ತಿಂಗಳು. ಬಸುರಿ ಅಂತ ಹೇಳಿದೆ. ಹೆಸರು ಹೋಗುತ್ತೆ, ಹೋಗಿ ಬಾ ಅಂದ್ರಿ ಮಾವ. ಹೊಗೇಲಿ ಎರಡು ದಿನ ಸಲಿಕೆ ಹಿಡಿದೆ. ಮೂರನೇ ದಿನ ಕೂಸು ಹೋಯ್ತು. ಹಿತ್ತಿಲಲ್ಲಿ ಹೂಳೋವಾಗ ನೀವು ಅಲ್ಲೇ ಇದ್ರಿ." ಅವಳು ಪುಸ್ತಕದ ಕಡೆ ಕೈ ತೋರಿದಳು. "ಬೆಂಕಿ ಆರಿಸಿದ್ದು ರುತಿಲಿಯೊ ಆದ್ರೆ ಕೂಸು ಕಳ್ಕೊಂಡಿದ್ದು ಯಾರು? ಅದನ್ನೂ ಅವರ ಹೆಸರಿಗೇ ಬರ್ಕೊಳ್ಳಿ."

ಅಬುಂದಿಯೊ ಕೋಲನ್ನು ಹಿಡಿದೇ ಕೂತಿದ್ದ, ಕಣ್ಣು ಮೇಜಿನ ಮೇಲಿತ್ತು. ಊರಿನ ವಿಚಾರದಲ್ಲಿ ಕಲ್ಲಿನಂಥ ಮನುಷ್ಯ, ಆದರೆ ಕೂಸನ್ನು ಹೂಳಿದ ಆ ಪುಟ್ಟ ಪೆಟ್ಟಿಗೆಯನ್ನು ಮಾಡಿದ್ದು ಅವನೇ, ಮೊಳೆ ಹೊಡೆದಿದ್ದು ಅವನೇ.

ಕೊನೆಗೆ ಮಾತಾಡಿದವನು ಗುಮಾಸ್ತ. ಅವನು ಎದ್ದು ನಿಂತಿದ್ದೇ ಆಶ್ಚರ್ಯ. ಹನ್ನೊಂದು ವರ್ಷ ಸಭೆಯಲ್ಲಿ ಕೂತೇ ಬರೆದವನು. "ತೊಲೆಯ ಮುಂದಿನ ತುದಿ ಪ್ಲಾಸಿದಕ್ಕನ ಹೆಗಲ ಮೇಲಿತ್ತು," ಎಂದ. "ಅವರು ನನಗಿಂತ ಬೇಗ ನಡೀತಿದ್ರು, ನಾನು ಎಡವ್ತಿದ್ದೆ. ನಾನು ಬರೆದಿದ್ದು ಸುಳ್ಳು. ಇನ್ನು ಬರೆಯೋದಿಲ್ಲ. ಬೇರೆ ಗುಮಾಸ್ತನ್ನ ಹುಡುಕ್ಕೊಳ್ಳಿ." ಪೆನ್ನನ್ನು ಪುಸ್ತಕದ ಮೇಲಿಟ್ಟ.

ಆಮೇಲೆ ನಡೆದದ್ದು ಗಲಾಟೆಯೇ. ಒಬ್ಬ ರೂಢಿ ಎಂದ, ಇನ್ನೊಬ್ಬ ನಿನ್ನ ರೂಢಿ ನಿನ್ನ ಹೆಂಡತಿಯ ಬೆನ್ನ ಮೇಲಿದೆ ಎಂದ. ಉತ್ತರದಲ್ಲಿ ಮಕ್ಕಳಿದ್ದ ಮುದುಕರೆಲ್ಲ ಒಂದು ಕಡೆಯಾದರು. ಅವರಿಗೆ ಹೆಂಗಸರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತೆಂದು ಯಾರೂ ತಿಳಿಯಬೇಕಿಲ್ಲ; ಮಗನ ಹೊಲ ಹೋಗುತ್ತದೆ ಎಂದಾಗ ಎಂಥವನಿಗೂ ಬುದ್ಧಿ ಬರುತ್ತದೆ. ಸೂರ್ಯ ನೆತ್ತಿಗೆ ಬರುವ ತನಕ ವಾದ ನಡೆಯಿತು. ಕೊನೆಗೆ ಅಬುಂದಿಯೊ ಕೋಲು ಕುಟ್ಟಿದ, ಮೆಲ್ಲಗೆ.

"ಯಾರಿಗೂ ಗೀಟು ಬೇಡ, ಕೆಲಸ ಮಾಡಿದವರ ಹೆಸರು ಬರಿ ಎಲಿಗಿಯೊ. ಆದ್ರೆ ಒಂದು ಮಾತು ಕೇಳ್ಕೊಳ್ಳಿ. ಹೆಸರು ಬಿದ್ದ ಮೇಲೆ ಕೆಲಸಾನೂ ಬೀಳುತ್ತೆ. ರಸ್ತೆ, ಕಾಡು, ತಳವಾರಿಕೆ, ಒಂದನ್ನೂ ಬಿಡೋ ಹಾಗಿಲ್ಲ."

"ಅಯ್ಯೋ ಪಾಪ," ಎಂದಳು ತೋಮಾಸಾ ಜಗಲಿಯಿಂದ. "ಇಷ್ಟು ವರ್ಷ ನಾವು ತೂಕಡಿಸ್ತಾ ಇದ್ವಿ."

ಹೆಂಗಸರು ಹೊಸ್ತಿಲು ದಾಟಿದರು. ಒಳಗೆ ಬೆಂಚು ಸಾಲಲಿಲ್ಲ. ಕೆಲವು ಗಂಡಸರು ಎದ್ದು ಜಾಗ ಕೊಟ್ಟರು, ಕೆಲವರು ಮುಖ ತಿರುಗಿಸಿ ಕೂತೇ ಇದ್ದರು. ಇಲಾರಿಯಾ ಗೋಡೆಗೆ ಒರಗಿ ನೆಲದ ಮೇಲೇ ಕೂತಳು. ಇವತ್ತು ಸಂಜೆ ಮಾವನ ಮನೆಯಲ್ಲಿ ಏನು ಕಾದಿದೆಯೋ ಅವಳಿಗೂ ಗೊತ್ತಿರಲಿಲ್ಲ. ಹೊಲದ ಪ್ರಶ್ನೆ ಬಂದಾಗ ನಿಕಾನೋರ್‌ನ ಪರ ಹದಿಮೂರು ಕೈ ಎದ್ದವು. ಪ್ಲಾಸಿದಾಳ ಪರ ಎಷ್ಟು ಎದ್ದವೆಂದರೆ ಎಲಿಗಿಯೊ ಎಣಿಕೆ ತಪ್ಪಿ ಎರಡನೆಯ ಸಲ ಎಣಿಸಬೇಕಾಯಿತು. ಮೊದಲು ಹೆದರಿ "ಇದ್ದಾರೆ" ಎಂದಿದ್ದವಳು ಎರಡೂ ಕೈ ಎತ್ತಿದ್ದಳು, ಒಂದನ್ನು ಇಳಿಸಲು ಹೇಳಬೇಕಾಯಿತು. ನಿಕಾನೋರ್ ಹ್ಯಾಟು ತಲೆಗಿಟ್ಟುಕೊಂಡು ಯಾರ ಮುಖವನ್ನೂ ನೋಡದೆ ಹೊರಗೆ ನಡೆದ.

"ಪ್ಲಾಸಿದಕ್ಕ, ಹೇಗೆ ಬರೀಲಿ?" ಎಂದ ಎಲಿಗಿಯೊ. "ಫಿದೆನ್ಸಿಯೊನ ವಿಧವೆ ಅಂತ ಬರೀಲಾ?"

"ಬೇಡ. ಪ್ಲಾಸಿದಾ ಅಂತ ಬರಿ. ಅಷ್ಟು ಸಾಕು."

ಅವನು ಬರೆದ. ಅವಳಿಗೆ ಓದಲು ಅಷ್ಟಾಗಿ ಬಾರದು, ಆದರೂ ಬಾಗಿ ನೋಡಿದಳು. ಇಂಕು ಇನ್ನೂ ಒದ್ದೆಯಾಗಿತ್ತು.

"ಫಿದೆನ್ಸಿಯೊನ ಹೆಸರಿನ ಮುಂದೆ ಏನು ಬರೀಲಿ?" ಎಂದ.

ಪ್ಲಾಸಿದಾ ಬಾಯಿ ತೆರೆದಳು. ಹನ್ನೊಂದು ವರ್ಷ ಆ ಹೆಸರು ಕೇಳಿದಾಗ ಬಾಯಿಗೆ ಬರುತ್ತಿದ್ದ ಮಾತು ಒಂದೇ. ಅದನ್ನು ತಡೆದು ಹಿಡಿಯಲು ಅವಳು ಮೇಜಿನ ಅಂಚನ್ನು ಹಿಡಿದುಕೊಳ್ಳಬೇಕಾಯಿತು.

"ಇಲ್ಲ ಅಂತ ಬರಿ," ಎಂದಳು. "ಅವರು ಇಲ್ಲ. ತೀರ್ಕೊಂಡ್ರು ಅಂತ ಬರಿ." ಹಾಗೆಂದು ಹೇಳಿದ ಮೇಲೆ, ಇಡೀ ಊರಿನ ಮುಂದೆ, ಪ್ಲಾಸಿದಾ ತನ್ನ ಗಂಡನಿಗಾಗಿ ಮೊದಲ ಸಲ ಅತ್ತಳು.